ಆಮ್ಲ ಮತ್ತು ಪ್ರತ್ಯಾಮ್ಲ: ಒಂದು ಪ್ರೋಟಾನಿನ ಕೊಡುಕೊಳ್ಳು

ನಿಂಬೆರಸ, ಹುಣಸೆಹುಳಿ, ಮೊಸರು, ವಾಹನದ ಬ್ಯಾಟರಿಯೊಳಗಿನ ದ್ರವ, ನಮ್ಮ ಜಠರದ ರಸ ಇವೆಲ್ಲ ಆಮ್ಲೀಯ. ಸುಣ್ಣದ ತಿಳಿ, ಅಡುಗೆ ಸೋಡಾ, ಬಟ್ಟೆ ಸೋಪಿನ ನೀರು, ಕಾಸ್ಟಿಕ್ ಸೋಡಾ, ಅಮೋನಿಯಾ ಇವು ಪ್ರತ್ಯಾಮ್ಲೀಯ. ಹಾಲು ಹೆಪ್ಪಾಗುವುದು, ಉಂಡದ್ದು ಅರಗುವುದು, ಪೈರು ಮಣ್ಣಿನಿಂದ ಗೊಬ್ಬರದ ಸತ್ವ ಹೀರುವುದು, ಸುಣ್ಣಕಲ್ಲು ಮಳೆನೀರಿಗೆ ಕರಗುವುದು ಎಲ್ಲದರಲ್ಲೂ ಈ ಎರಡು ಗುಂಪುಗಳ ವ್ಯವಹಾರವಿದೆ.

ಆ ವ್ಯವಹಾರದ ತಿರುಳು ಸರಳ. ಸಾಮಾನ್ಯ ಹೈಡ್ರೋಜನ್ ಪರಮಾಣುವಿನಲ್ಲಿ ಇರುವುದು ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್. ಎಲೆಕ್ಟ್ರಾನ್ ಕಳಚಿಹೋದರೆ ಉಳಿಯುವುದು ಬರಿಯ ಪ್ರೋಟಾನ್. ಇದೇ ಹೈಡ್ರೋಜನ್ ಅಯಾನು. ಈ ಪ್ರೋಟಾನನ್ನು ಬಿಟ್ಟುಕೊಡುವುದು ಆಮ್ಲ, ಪಡೆದುಕೊಳ್ಳುವುದು ಪ್ರತ್ಯಾಮ್ಲ. ಯಾವುದು ಕೊಟ್ಟಿತು, ಯಾವುದು ಪಡೆಯಿತು, ಎಷ್ಟು ಪ್ರಮಾಣದಲ್ಲಿ ಎಂದು ಕೇಳಿಕೊಳ್ಳುತ್ತ ಹೋದರೆ ಅಡುಗೆಮನೆಯಿಂದ ಅಡಿಕೆ ತೋಟದವರೆಗಿನ ಎಷ್ಟೋ ಸಂಗತಿಗಳಿಗೆ ಒಂದೇ ನಿಯಮ ಸಿಗುತ್ತದೆ.

ಸಾಮಾನ್ಯ ಲಕ್ಷಣಗಳು

ಆಮ್ಲಗಳಿಗೆ ಹುಳಿ ರುಚಿ. ಸತು, ಕಬ್ಬಿಣ, ಮೆಗ್ನೀಸಿಯಂನಂಥ ಲೋಹಗಳ ಮೇಲೆ ಬಿದ್ದರೆ ಅವು ಹೈಡ್ರೋಜನ್ ಅನಿಲವನ್ನು ಹೊರಡಿಸುತ್ತವೆ. ಸುಣ್ಣಕಲ್ಲು, ಅಮೃತಶಿಲೆ, ಅಡುಗೆ ಸೋಡಾಗಳ ಮೇಲೆ ಬಿದ್ದರೆ ನೊರೆಯೆದ್ದು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನೀರಿನಲ್ಲಿ ಕರಗಿದಾಗ ವಿದ್ಯುತ್ತನ್ನು ಹರಿಯಬಿಡುತ್ತವೆ.

ಪ್ರತ್ಯಾಮ್ಲಗಳಿಗೆ ಕಹಿ ರುಚಿ, ಬೆರಳಿಗೆ ಜಾರುವ ಸ್ಪರ್ಶ. ಚರ್ಮದ ಮೇಲಿನ ಜಿಡ್ಡು ಪ್ರತ್ಯಾಮ್ಲದೊಡನೆ ಸೇರಿ ಸೋಪಾಗುವುದರಿಂದ ಹೀಗೆ ಜಾರುತ್ತದೆ. ಎಣ್ಣೆಯನ್ನು ಕಾಸ್ಟಿಕ್ ಸೋಡಾದೊಡನೆ ಕಾಯಿಸಿ ಸೋಪು ತಯಾರಿಸುವಾಗಲೂ ನಡೆಯುವುದು ಇದೇ ಕ್ರಿಯೆ. ನೀರಿನಲ್ಲಿ ಕರಗುವ ಪ್ರತ್ಯಾಮ್ಲಗಳಿಗೆ ಕ್ಷಾರಗಳೆಂದು ಹೆಸರು. ಕಾಸ್ಟಿಕ್ ಸೋಡಾ ಕ್ಷಾರ. ತಾಮ್ರದ ಆಕ್ಸೈಡ್ ನೀರಿನಲ್ಲಿ ಕರಗದು, ಆದರೆ ಆಮ್ಲದೊಡನೆ ವರ್ತಿಸಿ ಲವಣ ಕೊಡುತ್ತದೆ. ಹಾಗಾಗಿ ಅದು ಪ್ರತ್ಯಾಮ್ಲ, ಕ್ಷಾರವಲ್ಲ.

ರುಚಿ, ಸ್ಪರ್ಶಗಳನ್ನು ಇಲ್ಲಿ ಹೇಳಿರುವುದು ತಿಳಿವಳಿಕೆಗಾಗಿ ಮಾತ್ರ. ಗೊತ್ತಿಲ್ಲದ ಯಾವ ದ್ರವವನ್ನೂ ನಾಲಿಗೆಗೆ ಮುಟ್ಟಿಸಬಾರದು, ಬೆರಳಿನಲ್ಲಿ ಉಜ್ಜಬಾರದು. ಗುರುತು ಹಿಡಿಯಲು ಬಣ್ಣಗಳಿವೆ.

ಬಣ್ಣ ಬದಲಿಸುವ ಸೂಚಕಗಳು

ಕರ್ನಾಟಕದ ಮನೆಗಳಲ್ಲಿ ಮದುವೆ, ನಾಮಕರಣಗಳಿಗೆ ಆರತಿಯ ಕೆಂಪು ನೀರು ಸಿದ್ಧವಾಗುವುದು ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದಾಗ. ಅರಿಸಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಅಣು ಸುಣ್ಣಕ್ಕೆ ಪ್ರೋಟಾನ್ ಬಿಟ್ಟುಕೊಡುತ್ತದೆ. ಆಗ ಅದು ಹೀರುವ ಬೆಳಕಿನ ಬಣ್ಣ ಬದಲಾಗಿ ನೀರು ಕೆಂಪಾಗಿ ಕಾಣುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ಪ್ರೋಟಾನ್ ಮರಳಿ ಬಂದು ಹಳದಿಯೂ ಮರಳುತ್ತದೆ. ಬಟ್ಟೆಯ ಮೇಲಿನ ಸಾರಿನ ಕಲೆ ಸೋಪು ತಾಗಿದಾಗ ಕೆಂಪಾಗಿ, ಚೆನ್ನಾಗಿ ಜಾಲಾಡಿದಾಗ ಮತ್ತೆ ಹಳದಿಯಾಗುವುದಕ್ಕೂ ಇದೇ ಕಾರಣ.

ಹೀಗೆ ಆಮ್ಲದಲ್ಲಿ ಒಂದು, ಪ್ರತ್ಯಾಮ್ಲದಲ್ಲಿ ಇನ್ನೊಂದು ಬಣ್ಣ ತೋರುವ ವಸ್ತುಗಳಿಗೆ ಸೂಚಕಗಳೆನ್ನುತ್ತಾರೆ. ಕೆಂಪು ದಾಸವಾಳದ ರಸ ಆಮ್ಲದಲ್ಲಿ ಕಡು ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ನೀಲಿ ಶಂಖಪುಷ್ಪದ ಕಷಾಯ ನಿಂಬೆರಸಕ್ಕೆ ನೇರಳೆಯಾಗುತ್ತದೆ. ಪ್ರಯೋಗಾಲಯದ ಲಿಟ್ಮಸ್ ಕಾಗದಕ್ಕೆ ಬೇಕಾದ ಬಣ್ಣವನ್ನು ಕಲ್ಲುಹೂವುಗಳ ಕೆಲವು ಜಾತಿಗಳಿಂದ ತೆಗೆಯುತ್ತಾರೆ. ನೀಲಿ ಲಿಟ್ಮಸ್ ಆಮ್ಲದಲ್ಲಿ ಕೆಂಪಾಗುತ್ತದೆ, ಕೆಂಪು ಲಿಟ್ಮಸ್ ಪ್ರತ್ಯಾಮ್ಲದಲ್ಲಿ ನೀಲಿಯಾಗುತ್ತದೆ. ಫಿನಾಲ್ಫ್‌ಥಲೀನ್ ಆಮ್ಲದಲ್ಲಿ ಬಣ್ಣವಿಲ್ಲದೆ ಇದ್ದು ಕ್ಷಾರದಲ್ಲಿ ಗುಲಾಬಿಯಾಗುತ್ತದೆ.

ಸಸ್ಯಗಳ ಬಣ್ಣಬದಲಾವಣೆಯನ್ನು ಆಮ್ಲ, ಕ್ಷಾರಗಳ ಪರೀಕ್ಷೆಯಾಗಿ ಕ್ರಮಬದ್ಧವಾಗಿ ಬಳಸಿದವನು ರಾಬರ್ಟ್ ಬಾಯ್ಲ್. ಬಣ್ಣಗಳ ಕುರಿತು 1664ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನು ವಯೊಲೆಟ್ ಹೂವಿನ ಪಾಕ ಆಮ್ಲಕ್ಕೆ ಕೆಂಪಾಗಿ, ಕ್ಷಾರಕ್ಕೆ ಹಸಿರಾಗಿ ತಿರುಗುವುದನ್ನು ವಿವರಿಸಿದ್ದಾನೆ.

ವ್ಯಾಖ್ಯಾನ ಬೆಳೆದು ಬಂದ ಬಗೆ

ಆಮ್ಲಕ್ಕೆ ಆಮ್ಲತ್ವ ಎಲ್ಲಿಂದ ಬರುತ್ತದೆ? ಸರಿಯಾದ ಉತ್ತರಕ್ಕೆ ಸುಮಾರು ಒಂದೂವರೆ ಶತಮಾನ ಹಿಡಿಯಿತು. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಲವಾಸಿಯೆ, ಗಂಧಕ ಮತ್ತು ರಂಜಕ ಉರಿದು ಸಿಗುವ ವಸ್ತುಗಳು ನೀರಿನಲ್ಲಿ ಆಮ್ಲವಾಗುವುದನ್ನು ಕಂಡು, ಆಮ್ಲತ್ವಕ್ಕೆ ಕಾರಣ ಆಮ್ಲಜನಕ ಎಂದು ತೀರ್ಮಾನಿಸಿದ. ಆದರೆ 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತು ಎಂದು ತೋರಿಸಿಕೊಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಎಂಬುದು ಖಚಿತವಾಯಿತು. 1838ರಲ್ಲಿ ಜರ್ಮನಿಯ ಲೀಬಿಗ್, ಲೋಹವು ಸ್ಥಾನಪಲ್ಲಟ ಮಾಡಬಲ್ಲಂಥ ಹೈಡ್ರೋಜನ್ ಇರುವುದೇ ಆಮ್ಲದ ಗುರುತು ಎಂದ.

ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧ ದೊಡ್ಡ ತಿರುವು. ಲವಣ, ಆಮ್ಲ, ಕ್ಷಾರಗಳು ನೀರಿನಲ್ಲಿ ವಿದ್ಯುದಾವೇಶವಿರುವ ಅಯಾನುಗಳಾಗಿ ಒಡೆಯುತ್ತವೆ ಎಂಬ ವಿಚಾರಕ್ಕೆ ಅಲ್ಲಿ ಬುನಾದಿ ಬಿತ್ತು. ಅದರ ಪ್ರಕಾರ ನೀರಿನಲ್ಲಿ ಹೈಡ್ರೋಜನ್ ಅಯಾನು ಕೊಡುವುದು ಆಮ್ಲ, ಹೈಡ್ರಾಕ್ಸೈಡ್ ಅಯಾನು ಕೊಡುವುದು ಪ್ರತ್ಯಾಮ್ಲ. ಪರೀಕ್ಷಕರು ಅವನಿಗೆ ಕೆಳದರ್ಜೆಯನ್ನಷ್ಟೇ ಕೊಟ್ಟರು. ಅದೇ ವಿಚಾರಕ್ಕೆ 1903ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಈ ವ್ಯಾಖ್ಯಾನಕ್ಕೆ ಸಿಗದ ವಸ್ತುಗಳೂ ಇದ್ದವು. ಅಮೋನಿಯಾದ ಅಣುವಿನಲ್ಲಿ ಹೈಡ್ರಾಕ್ಸೈಡ್ ಇಲ್ಲ, ಆದರೂ ಅದು ಪ್ರತ್ಯಾಮ್ಲ. ಹೈಡ್ರೋಜನ್ ಕ್ಲೋರೈಡ್ ಅನಿಲವೂ ಅಮೋನಿಯಾ ಅನಿಲವೂ ಸಂಧಿಸಿದಲ್ಲಿ, ಹನಿ ನೀರಿಲ್ಲದೆಯೂ, ಅಮೋನಿಯಂ ಕ್ಲೋರೈಡಿನ ಬಿಳಿ ಹೊಗೆ ಏಳುತ್ತದೆ. 1923ರಲ್ಲಿ ಡೆನ್ಮಾರ್ಕಿನ ಬ್ರಾನ್‌ಸ್ಟೆಡ್ ಮತ್ತು ಇಂಗ್ಲೆಂಡಿನ ಲೌರಿ, ಒಬ್ಬರನ್ನೊಬ್ಬರು ಅವಲಂಬಿಸದೆ, ನೀರಿನ ಹಂಗಿಲ್ಲದ ವಿವರಣೆ ಕೊಟ್ಟರು: ಪ್ರೋಟಾನ್ ದಾನಿ ಆಮ್ಲ, ಪ್ರೋಟಾನ್ ಗ್ರಾಹಿ ಪ್ರತ್ಯಾಮ್ಲ. ಆಮ್ಲ ತನ್ನ ಪ್ರೋಟಾನ್ ಕೊಟ್ಟ ಮೇಲೆ ಉಳಿಯುವ ಭಾಗಕ್ಕೆ ಅದನ್ನು ಮರಳಿ ಪಡೆಯುವ ಶಕ್ತಿ ಇರುವುದರಿಂದ ಅದು ಆ ಆಮ್ಲದ ಜೋಡಿ ಪ್ರತ್ಯಾಮ್ಲ. ಆಮ್ಲ ಪ್ರಬಲವಾದಷ್ಟೂ ಅದರ ಜೋಡಿ ದುರ್ಬಲ.

ಅದೇ 1923ರಲ್ಲಿ ಅಮೆರಿಕದ ಗಿಲ್ಬರ್ಟ್ ಲೂಯಿಸ್ ಇನ್ನೂ ವಿಶಾಲವಾದ ವ್ಯಾಖ್ಯಾನ ಮುಂದಿಟ್ಟ. ಎಲೆಕ್ಟ್ರಾನ್ ಜೋಡಿಯನ್ನು ಪಡೆಯುವುದು ಆಮ್ಲ, ಕೊಡುವುದು ಪ್ರತ್ಯಾಮ್ಲ. ಹೈಡ್ರೋಜನ್ನೇ ಇಲ್ಲದ ಬೋರಾನ್ ಟ್ರೈಫ್ಲೋರೈಡ್, ನೀರಿನಲ್ಲಿರುವ ತಾಮ್ರದ ಅಯಾನು ಇವೂ ಆಮ್ಲಗಳಾಗುವುದು ಈ ದೃಷ್ಟಿಯಿಂದ. ಈ ಮೂರು ವ್ಯಾಖ್ಯಾನಗಳು ಒಂದನ್ನೊಂದು ಅಳಿಸಿಹಾಕಲಿಲ್ಲ. ಒಂದರ ವ್ಯಾಪ್ತಿಯನ್ನು ಇನ್ನೊಂದು ಹಿಗ್ಗಿಸಿತು, ಮೂರೂ ಇಂದಿಗೂ ಬಳಕೆಯಲ್ಲಿವೆ.

ಎರಡು ಪಾತ್ರದ ನೀರು

ಹೈಡ್ರೋಜನ್ ಕ್ಲೋರೈಡ್ ನೀರಿನಲ್ಲಿ ಕರಗಿದಾಗ ಅದರ ಪ್ರೋಟಾನನ್ನು ನೀರಿನ ಅಣು ಪಡೆದು ಹೈಡ್ರೋನಿಯಂ ಅಯಾನು ಆಗುತ್ತದೆ. ಇಲ್ಲಿ ನೀರು ಪ್ರತ್ಯಾಮ್ಲ. ಅಮೋನಿಯಾ ಕರಗಿದಾಗ ನೀರಿನ ಅಣುವೇ ಪ್ರೋಟಾನ್ ಕೊಟ್ಟು ಹೈಡ್ರಾಕ್ಸೈಡ್ ಆಗಿ ಉಳಿಯುತ್ತದೆ. ಇಲ್ಲಿ ನೀರು ಆಮ್ಲ. ತವರಿನಲ್ಲಿ ಮಗಳಾದವಳೇ ಗಂಡನ ಮನೆಯಲ್ಲಿ ಸೊಸೆಯಾಗುವಂತೆ, ನೀರಿನ ಪಾತ್ರವೂ ಎದುರಿಗಿರುವುದು ಯಾವುದು ಎಂಬುದರ ಮೇಲೆ ನಿಲ್ಲುತ್ತದೆ.

ಶುದ್ಧ ನೀರಿನೊಳಗೂ ಒಂದು ಅಣು ಇನ್ನೊಂದಕ್ಕೆ ಪ್ರೋಟಾನ್ ದಾಟಿಸುತ್ತಿರುತ್ತದೆ. ಆದರೆ ಅದು ಬಹಳ ಅಪರೂಪ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಯಾವುದೇ ಕ್ಷಣಕ್ಕೆ ಸುಮಾರು 55 ಕೋಟಿ ಅಣುಗಳಲ್ಲಿ ಒಂದು ಮಾತ್ರ ಅಯಾನಾಗಿ ಒಡೆದಿರುತ್ತದೆ. ಹೈಡ್ರೋಜನ್ ಅಯಾನಿನ ಸಾರತೆಯನ್ನು ಹೈಡ್ರಾಕ್ಸೈಡ್ ಅಯಾನಿನ ಸಾರತೆಯಿಂದ ಗುಣಿಸಿದರೆ ಬರುವ ಗುಣಲಬ್ಧ, ನಿರ್ದಿಷ್ಟ ಉಷ್ಣತೆಯಲ್ಲಿ ಸ್ಥಿರ. ಒಂದು ಹತ್ತು ಪಟ್ಟು ಏರಿದರೆ ಇನ್ನೊಂದು ಹತ್ತನೇ ಒಂದಕ್ಕೆ ಇಳಿಯಲೇಬೇಕು. ಹಾಗಾಗಿ ಎಷ್ಟೇ ಕ್ಷಾರೀಯವಾದ ನೀರಿನಲ್ಲೂ ಒಂದಿಷ್ಟು ಹೈಡ್ರೋಜನ್ ಅಯಾನುಗಳು ಇದ್ದೇ ಇರುತ್ತವೆ.

ಪ್ರಬಲವೇ, ಸಾರೀಕೃತವೇ?

ಈ ಎರಡು ಮಾತುಗಳನ್ನು ಒಂದೇ ಎಂದು ತಿಳಿಯುವುದು ಸಾಮಾನ್ಯ. ಒಂದು ಲೀಟರ್ ನೀರಿನಲ್ಲಿ ಎಷ್ಟು ಆಮ್ಲ ಕರಗಿದೆ ಎಂಬುದು ಸಾರತೆಯ ಮಾತು: ಹೆಚ್ಚಿದ್ದರೆ ಸಾರೀಕೃತ, ಕಡಿಮೆಯಿದ್ದರೆ ಸಾರರಿಕ್ತ. ಕರಗಿದ ಅಣುಗಳಲ್ಲಿ ಎಷ್ಟು ಪಾಲು ಪ್ರೋಟಾನ್ ಬಿಟ್ಟುಕೊಟ್ಟಿವೆ ಎಂಬುದು ಬಲದ ಮಾತು.

ಹೈಡ್ರೋಕ್ಲೋರಿಕ್, ನೈಟ್ರಿಕ್, ಸಲ್ಫ್ಯೂರಿಕ್ ಆಮ್ಲಗಳು ಪ್ರಬಲ. ಸಾರರಿಕ್ತ ದ್ರಾವಣದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಅಣುಗಳೆಲ್ಲ ಹೆಚ್ಚುಕಡಿಮೆ ಪೂರ್ತಿ ಒಡೆದಿರುತ್ತವೆ. ವಿನೆಗರಿನ ಅಸಿಟಿಕ್ ಆಮ್ಲ ದುರ್ಬಲ. ಲೀಟರಿಗೆ 0.1 ಮೋಲ್ (ಅಣುಗಳ ಎಣಿಕೆಗೆ ಬಳಸುವ ಮಾನ) ಇರುವ ದ್ರಾವಣದಲ್ಲಿ ಅದರ ನೂರು ಅಣುಗಳಲ್ಲಿ ಒಂದೋ ಎರಡೋ ಮಾತ್ರ ಒಡೆದಿರುತ್ತವೆ. ಲಿಂಬೆಯ ಸಿಟ್ರಿಕ್, ಹುಣಸೆಯ ಟಾರ್ಟಾರಿಕ್, ಮೊಸರಿನ ಲ್ಯಾಕ್ಟಿಕ್, ಇರುವೆಯ ಫಾರ್ಮಿಕ್ ಆಮ್ಲಗಳೂ ದುರ್ಬಲ ಗುಂಪಿನವು. ಪ್ರತ್ಯಾಮ್ಲಗಳಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಪ್ರಬಲ, ಅಮೋನಿಯಾ ದುರ್ಬಲ.

ದುರ್ಬಲ ಎಂದಾಕ್ಷಣ ನಿರಪಾಯಕಾರಿ ಎಂದಲ್ಲ. ಹೈಡ್ರೋಫ್ಲೋರಿಕ್ ಆಮ್ಲ ದುರ್ಬಲ ಗುಂಪಿನದು. ಆದರೂ ಅದು ಗಾಜನ್ನು ಕೊರೆಯುತ್ತದೆ, ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಪ್ರಾಣಕ್ಕೇ ಕುತ್ತು ತರಬಲ್ಲದು.

ಪಿಎಚ್ ಎಂಬ ಅಳತೆ

1909ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್‌ಸೆನ್ ಕಿಣ್ವಗಳ ಅಧ್ಯಯನ ನಡೆಸಿದ್ದ. ಕಿಣ್ವಗಳ ಕೆಲಸ ಹೈಡ್ರೋಜನ್ ಅಯಾನಿನ ಸಾರತೆಯನ್ನು ಅವಲಂಬಿಸಿತ್ತು. ಆದರೆ ಆ ಅಂಕಿಗಳೋ, ದಶಾಂಶ ಬಿಂದುವಿನ ಮುಂದೆ ಸಾಲು ಸೊನ್ನೆಗಳು. ಅವನು ಆ ಸಾರತೆಯ ಲಾಗರಿದಮ್ ತೆಗೆದು, ಋಣ ಚಿಹ್ನೆಯನ್ನು ಬಿಟ್ಟು, ಪಿಎಚ್ ಎಂದು ಕರೆದ. ಲೀಟರಿಗೆ ಒಂದು ಕೋಟಿಯಲ್ಲೊಂದು ಮೋಲ್ ಹೈಡ್ರೋಜನ್ ಅಯಾನು ಇದ್ದರೆ ಪಿಎಚ್ 7. ಸಾವಿರದಲ್ಲೊಂದು ಮೋಲ್ ಇದ್ದರೆ ಪಿಎಚ್ 3. ಪಿಎಚ್ ಇಳಿದಷ್ಟೂ ಆಮ್ಲೀಯತೆ ಹೆಚ್ಚು.

ಪರಿಚಿತ ದ್ರವಗಳ ಅಂದಾಜು ಪಿಎಚ್ ಹೀಗಿದೆ:

ಜಠರರಸ: 1.5ರಿಂದ 3.5
ನಿಂಬೆರಸ: 2ರಿಂದ 2.5
ಮೊಸರು: 4ರಿಂದ 4.6
ಮಾಲಿನ್ಯವಿಲ್ಲದ ಮಳೆನೀರು: 5.6
ಹಾಲು: 6.5ರಿಂದ 6.7
ಶುದ್ಧ ನೀರು, 25 ಡಿಗ್ರಿಯಲ್ಲಿ: 7
ರಕ್ತ: 7.35ರಿಂದ 7.45
ಸಮುದ್ರದ ನೀರು: 8.1
ಅಡುಗೆ ಸೋಡಾ ಕರಗಿದ ನೀರು: 8.3
ಸುಣ್ಣದ ತಿಳಿ: 12.4

ಪಟ್ಟಿಯನ್ನು ಓದುವಾಗ ಒಂದು ಎಚ್ಚರ ಬೇಕು. ಪಿಎಚ್‌ನಲ್ಲಿ 1ರ ವ್ಯತ್ಯಾಸ ಎಂದರೆ ಹತ್ತು ಪಟ್ಟು, 2ರ ವ್ಯತ್ಯಾಸ ಎಂದರೆ ನೂರು ಪಟ್ಟು. ಪಿಎಚ್ 2.4 ಇರುವ ನಿಂಬೆರಸಕ್ಕೂ 12.4 ಇರುವ ಸುಣ್ಣದ ತಿಳಿಗೂ ಹೈಡ್ರೋಜನ್ ಅಯಾನಿನ ಲೆಕ್ಕದಲ್ಲಿ ಸಾವಿರ ಕೋಟಿ ಪಟ್ಟಿನ ಅಂತರವಿದೆ. ಇನ್ನೊಂದು ಸಂಗತಿ: 7 ತಟಸ್ಥವಾಗುವುದು 25 ಡಿಗ್ರಿಯಲ್ಲಿ. ನೀರು ಬಿಸಿಯಾದಂತೆ ಹೆಚ್ಚು ಅಣುಗಳು ಒಡೆಯುವುದರಿಂದ ದೇಹದ ಉಷ್ಣತೆಯಾದ 37 ಡಿಗ್ರಿಯಲ್ಲಿ ತಟಸ್ಥ ಬಿಂದು ಸುಮಾರು 6.8. ಎರಡೂ ಬಗೆಯ ಅಯಾನುಗಳು ಸಮನಾಗಿ ಹೆಚ್ಚಿರುವುದರಿಂದ ಆ ನೀರು ಆಮ್ಲೀಯವಲ್ಲ.

ಬಣ್ಣ ನೋಡಿ ಅಂದಾಜಿಸುವ ಬದಲು ವಿದ್ಯುತ್ತಿನಿಂದ ಪಿಎಚ್ ಅಳೆಯುವ ಸುಲಭ ಬಳಕೆಯ ಯಂತ್ರವನ್ನು 1934ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ ರೂಪಿಸಿದ. ಕ್ಯಾಲಿಫೋರ್ನಿಯಾದ ನಿಂಬೆರಸದ ಹುಳಿಯನ್ನು ಅಳೆಯುವುದು ಅದರ ಮೊದಲ ಉದ್ದೇಶವಾಗಿತ್ತು.

ತಟಸ್ಥೀಕರಣ ಮತ್ತು ಲವಣ

ಆಮ್ಲವೂ ಕ್ಷಾರವೂ ಸೇರಿದಾಗ ಹೈಡ್ರೋಜನ್ ಅಯಾನು ಹೈಡ್ರಾಕ್ಸೈಡನ್ನು ಕೂಡಿ ನೀರಾಗುತ್ತದೆ. ಉಳಿದ ಅಯಾನುಗಳು ಲವಣವಾಗುತ್ತವೆ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕಾಸ್ಟಿಕ್ ಸೋಡಾ ಸರಿಯಾದ ಅಳತೆಯಲ್ಲಿ ಬೆರೆತರೆ ದೊರೆಯುವುದು ಉಪ್ಪುನೀರು. ಜೊತೆಗೆ ಶಾಖವೂ ಹುಟ್ಟುತ್ತದೆ. ಪ್ರಬಲ ಆಮ್ಲ, ಪ್ರಬಲ ಕ್ಷಾರಗಳ ಯಾವ ಜೋಡಿ ತೆಗೆದುಕೊಂಡರೂ ಸಾರರಿಕ್ತ ದ್ರಾವಣದಲ್ಲಿ ಒಂದು ಮೋಲ್ ನೀರಿಗೆ ಹುಟ್ಟುವ ಶಾಖ ಸುಮಾರು 57 ಕಿಲೋಜೂಲ್. ಹೆಸರು ಯಾವುದಿದ್ದರೂ ನಿಜವಾಗಿ ನಡೆಯುವ ಕ್ರಿಯೆ ಒಂದೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಎಲ್ಲ ಲವಣಗಳೂ ತಟಸ್ಥವಲ್ಲ. ಪ್ರಬಲ ಕ್ಷಾರ, ದುರ್ಬಲ ಆಮ್ಲಗಳಿಂದಾದ ಬಟ್ಟೆ ಸೋಡಾ ನೀರನ್ನು ಕ್ಷಾರೀಯವಾಗಿಸುತ್ತದೆ. ದುರ್ಬಲ ಪ್ರತ್ಯಾಮ್ಲ, ಪ್ರಬಲ ಆಮ್ಲಗಳಿಂದಾದ ಅಮೋನಿಯಂ ಸಲ್ಫೇಟ್ ಆಮ್ಲೀಯವಾಗಿಸುತ್ತದೆ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಕೂಡ ಆಮ್ಲೀಯವೇ. ಅದರ ಆಮ್ಲೀಯತೆಯನ್ನು ಹದಕ್ಕೆ ತರುವುದು ಹೇಗೆ ಎಂಬುದೇ ಮಲೆನಾಡಿನ ಅಡಿಕೆ ಬೆಳೆಗಾರರು ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಎದುರಿಸುವ ರಾಸಾಯನಿಕ ಪ್ರಶ್ನೆ.

ಅಡಿಕೆ ತೋಟದಲ್ಲಿ ಆಮ್ಲ-ಪ್ರತ್ಯಾಮ್ಲ: ಬೋರ್ಡೋ ದ್ರಾವಣ

ಜಡಿಮಳೆಯಲ್ಲಿ ಎಳೆಯ ಅಡಿಕೆ ಕೊಳೆತು ಉದುರುವ ರೋಗಕ್ಕೆ ಕೊಳೆರೋಗ ಎಂದು ಹೆಸರು. ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಹಿಂದೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗ ಮತ್ತು ಕೀಟಗಳ ತಜ್ಞರಾಗಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಗಾಗಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ್ದ ಔಷಧಿ ಅದು.

ಶೇ 1ರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲೂ ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲೂ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕುತ್ತಾರೆ. ಮೈಲುತುತ್ತದ ನೀರು ಆಮ್ಲೀಯವಾಗಲು ತಾಮ್ರದ ಅಯಾನೇ ಕಾರಣ. ಅದು ತನ್ನ ಸುತ್ತ ಅಂಟಿದ ನೀರಿನ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಸೆಳೆದಾಗ ಆ ಅಣುಗಳ ಪ್ರೋಟಾನ್ ಸಡಿಲವಾಗಿ ಕಳಚುತ್ತದೆ. ಪಿಎಚ್ ಸುಮಾರು 4ಕ್ಕೆ ಇಳಿಯುತ್ತದೆ. ಇದನ್ನು ಹಾಗೆಯೇ ಸಿಂಪಡಿಸಿದರೆ ಕರಗಿದ ತಾಮ್ರ ಹಿಂಗಾರವನ್ನೂ ಎಳೆಕಾಯಿಯನ್ನೂ ಸುಡುತ್ತದೆ. ಸುಣ್ಣ ಬೆರೆತಾಗ ಆಮ್ಲ ತಟಸ್ಥಗೊಂಡು ತಾಮ್ರವು ತಿಳಿನೀಲಿ ಲೋಳೆಯಂಥ ಸಂಯುಕ್ತವಾಗಿ ಹೊರಬೀಳುತ್ತದೆ. ಅದು ಕಾಯಿಗೆ ಅಂಟಿಕೊಂಡು, ಮಳೆಗೆ ಬೇಗ ತೊಳೆದುಹೋಗದೆ, ರೋಗಾಣುವಿಗೆ ಸಾಕಾಗುವಷ್ಟು ತಾಮ್ರವನ್ನು ಮೆಲ್ಲನೆ ಬಿಡುತ್ತದೆ.

ಹದ ತಿಳಿಯಲು ತೋಟದವರು ಹೊಳೆಯುವ ಚಾಕುವನ್ನೋ ಕತ್ತಿಯನ್ನೋ ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರದ ಅಯಾನುಗಳು ಇನ್ನೂ ಬಿಡಿಯಾಗಿ ಉಳಿದಿವೆ ಎಂದರ್ಥ. ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಕೂರುತ್ತದೆ. ಲೇಪ ಕೂರುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಬೇಕು. ಕಬ್ಬಿಣದ ಪಾತ್ರೆಯಲ್ಲಿ ಈ ದ್ರಾವಣ ಮಾಡಬಾರದೆಂಬ ನಿಯಮದ ಹಿಂದಿರುವುದೂ ಇದೇ ಕ್ರಿಯೆ. ಸುಣ್ಣ ಗಾಳಿಗೆ ತೆರೆದುಕೊಂಡು ಹಳತಾಗಿದ್ದರೆ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬನೇಟ್ ಆಗಿಬಿಟ್ಟಿರುತ್ತದೆ. ಆಗ ಕಿಲೋ ಲೆಕ್ಕ ಸರಿಯಿದ್ದರೂ ಹದ ಬಾರದು. ಅದಕ್ಕೇ ಹೊಸ ಸುಣ್ಣ, ತೂಕದ ಜೊತೆಗೆ ಪರೀಕ್ಷೆ, ಕಲಸಿದ ದಿನವೇ ಸಿಂಪಡಣೆ ಎಂಬ ಕಟ್ಟುಪಾಡುಗಳು.

ಅಡುಗೆಮನೆಯಲ್ಲಿ

ಹೆಪ್ಪು ಹಾಕಿದ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಪಿಎಚ್ 4.6ರ ಹತ್ತಿರ ಇಳಿದಾಗ ಕೇಸಿನ್ ಎಂಬ ಪ್ರೋಟೀನ್ ಕಣಗಳು ಪರಸ್ಪರ ವಿಕರ್ಷಣೆ ಕಳೆದುಕೊಂಡು ಒಂದಕ್ಕೊಂದು ಅಂಟಿ ಗಟ್ಟಿ ಮೊಸರಾಗುತ್ತದೆ. ಬಿಸಿ ಹಾಲಿಗೆ ನಿಂಬೆರಸ ಹಿಂಡಿ ಪನೀರ್ ಒಡೆಸುವಾಗಲೂ ಆಮ್ಲದ ಕೆಲಸ ಇದೇ. ಹುಳಿ ಮೊಸರು ಬೆರೆಸಿದ ಹಿಟ್ಟಿಗೆ ಅಡುಗೆ ಸೋಡಾ ಹಾಕಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳೆದ್ದು ಹಿಟ್ಟು ಉಬ್ಬುತ್ತದೆ. ಹುಳಿ ಸಾಲದೆ ಸೋಡಾ ಹೆಚ್ಚಾದರೆ ಉಳಿಕೆ ಸೋಡಾದ ಚೌಳು ರುಚಿ ನಾಲಿಗೆಗೆ ತಟ್ಟುತ್ತದೆ. ಕಾಳು ಬೇಗ ಬೇಯಲೆಂದು ಸೋಡಾ ಹಾಕುವ ರೂಢಿ ಇದೆ. ಕ್ಷಾರದಲ್ಲಿ ಸಿಪ್ಪೆಯ ಪೆಕ್ಟಿನ್ ಬೇಗ ಮೆತ್ತಗಾಗುವುದು ನಿಜ, ಆದರೆ ಥಯಮಿನ್ ಎಂಬ ಬಿ1 ಜೀವಸತ್ವವೂ ನಾಶವಾಗುತ್ತದೆ.

ಹುಣಸೆಹುಳಿಯಿಂದ ತಿಕ್ಕಿದರೆ ಹಿತ್ತಾಳೆ, ತಾಮ್ರದ ಪಾತ್ರೆಗಳು ಹೊಳೆಯುತ್ತವೆ. ಕರೆಗಟ್ಟಿದ ಪದರದಲ್ಲಿ ಇರುವುದು ತಾಮ್ರದ ಆಕ್ಸೈಡಿನಂಥ ಪ್ರತ್ಯಾಮ್ಲೀಯ ವಸ್ತುಗಳು. ಟಾರ್ಟಾರಿಕ್ ಆಮ್ಲ ಅವನ್ನು ಕರಗಿಸುತ್ತದೆ. ಹೀಗೆ ಕರಗಿದ ತಾಮ್ರ ಊಟಕ್ಕೆ ಸೇರಬಾರದೆಂದೇ ಅಡುಗೆಯ ಹಿತ್ತಾಳೆ ಪಾತ್ರೆಗೆ ತವರದ ಕಲಾಯಿ ಹಾಕಿಸುವುದು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಪದಾರ್ಥ ಇಡುವುದು ಅಪಾಯಕರ.

ಉಪ್ಪಿನಕಾಯಿ ಕೆಡದಿರುವುದರಲ್ಲಿ ಉಪ್ಪಿನಷ್ಟೇ ಪಾಲು ಆಮ್ಲದ್ದೂ ಹೌದು. ಪಿಎಚ್ 4.6ಕ್ಕಿಂತ ಕೆಳಗೆ ಬೊಟುಲಿಸಂ ವಿಷ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಲಾರದು.

ದೇಹದಲ್ಲಿ

ಜಠರದ ಆಮ್ಲ ಹೈಡ್ರೋಕ್ಲೋರಿಕ್ ಎಂದು 1824ರಲ್ಲಿ ತೋರಿಸಿದವನು ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್. ಅದು ಪ್ರೋಟೀನ್‌ಗಳ ಮಡಿಕೆ ಬಿಚ್ಚಿಸಿ ಪೆಪ್ಸಿನ್ ಕಿಣ್ವಕ್ಕೆ ದಾರಿ ಮಾಡುತ್ತದೆ, ಆಹಾರದೊಡನೆ ಬಂದ ಅನೇಕ ಸೂಕ್ಷ್ಮಾಣುಗಳನ್ನು ಕೊಲ್ಲುತ್ತದೆ. ಎದೆಯುರಿಗೆ ಕೊಡುವ ಮೆಗ್ನೀಸಿಯಂ ಹೈಡ್ರಾಕ್ಸೈಡ್, ಅಲ್ಯೂಮಿನಿಯಂ ಹೈಡ್ರಾಕ್ಸೈಡ್‌ಗಳು ಆಮ್ಲವನ್ನು ತಟಸ್ಥಗೊಳಿಸುವ ದುರ್ಬಲ ಪ್ರತ್ಯಾಮ್ಲಗಳು. ಒಮೆಪ್ರಜೋಲ್ ಮಾದರಿಯ ಮಾತ್ರೆಗಳ ಬಗೆ ಬೇರೆ: ಜಠರದ ಜೀವಕೋಶಗಳಲ್ಲಿ ಪ್ರೋಟಾನನ್ನು ಹೊರದಬ್ಬುವ ಪಂಪನ್ನೇ ಅವು ತಡೆಯುತ್ತವೆ.

ಹಲ್ಲಿನ ಎನಾಮೆಲ್ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಕರಗತೊಡಗುತ್ತದೆ. ಬಾಯಲ್ಲಿ ಉಳಿದ ಸಿಹಿಯನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿಸುವುದರಿಂದ ಹುಳುಕು ಹುಟ್ಟುತ್ತದೆ. ಜೊಲ್ಲಿನಲ್ಲಿರುವ ಬೈಕಾರ್ಬನೇಟ್ ಆ ಆಮ್ಲವನ್ನು ತಗ್ಗಿಸುತ್ತದೆ.

ರಕ್ತಕ್ಕೆ ಪಿಎಚ್ ವಿಷಯದಲ್ಲಿ ಸಲುಗೆ ಬಹಳ ಕಡಿಮೆ. ಅದನ್ನು ಕಾಯುವುದು ದುರ್ಬಲ ಆಮ್ಲ ಮತ್ತು ಅದರ ಜೋಡಿ ಪ್ರತ್ಯಾಮ್ಲ ಒಟ್ಟಿಗಿರುವ ಬಫರ್ ವ್ಯವಸ್ಥೆ. ರಕ್ತದಲ್ಲಿ ಕಾರ್ಬಾನಿಕ್ ಆಮ್ಲಕ್ಕೆ ಸುಮಾರು ಇಪ್ಪತ್ತು ಪಟ್ಟು ಬೈಕಾರ್ಬನೇಟ್ ಇರುತ್ತದೆ. ಹೆಚ್ಚುವರಿ ಪ್ರೋಟಾನ್ ಬಂದರೆ ಬೈಕಾರ್ಬನೇಟ್ ಹಿಡಿದುಕೊಳ್ಳುತ್ತದೆ, ಕಡಿಮೆಯಾದರೆ ಕಾರ್ಬಾನಿಕ್ ಆಮ್ಲ ಕೊಡುತ್ತದೆ. ಹೀಗೆ ಹುಟ್ಟುವ ಇಂಗಾಲದ ಡೈಆಕ್ಸೈಡನ್ನು ಶ್ವಾಸಕೋಶ ಹೊರಹಾಕುತ್ತದೆ, ಉಳಿದ ಆಮ್ಲವನ್ನು ಮೂತ್ರಪಿಂಡಗಳು ಕಳಿಸುತ್ತವೆ. ಮಧುಮೇಹ ಹದ ತಪ್ಪಿ ಕೀಟೋ ಆಮ್ಲಗಳು ಏರಿದ ರೋಗಿ ಆಳವಾಗಿ ಏದುಸಿರು ಬಿಡುವುದು, ಉಸಿರಾಟದಿಂದ ಆಮ್ಲ ಇಳಿಸಲು ದೇಹ ಹೆಣಗುತ್ತಿರುವುದರ ಚಿಹ್ನೆ. ಅದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ರಕ್ತವನ್ನು ಕ್ಷಾರೀಯಗೊಳಿಸುತ್ತದೆಂದು ಮಾರುವ ದುಬಾರಿ ಆಲ್ಕಲೈನ್ ನೀರಿನ ಕ್ಷಾರ ಜಠರದ ಆಮ್ಲ ಸೇರಿದೊಡನೆ ಮುಗಿದುಹೋಗುತ್ತದೆ. ಆರೋಗ್ಯವಂತರ ರಕ್ತದ ಪಿಎಚ್ ಕಾಯಲು ಶ್ವಾಸಕೋಶ, ಮೂತ್ರಪಿಂಡಗಳೇ ಸಮರ್ಥ.

ಮಣ್ಣು, ಮಳೆ, ಸಮುದ್ರ

ಭಾರಿ ಮಳೆ ಸುರಿಯುವ ಕರಾವಳಿ, ಮಲೆನಾಡುಗಳಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ತೊಳೆದುಹೋಗಿ ಜಂಬಿಟ್ಟಿಗೆ ಮಣ್ಣು ಆಮ್ಲೀಯವಾಗಿದೆ. ಪಿಎಚ್ 5.5ಕ್ಕಿಂತ ಇಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರುಗಳಿಗೆ ವಿಷವಾಗುತ್ತದೆ, ರಂಜಕ ಪೈರಿಗೆ ದಕ್ಕದಂತೆ ಬಂಧಿಯಾಗುತ್ತದೆ. ಅಲ್ಲಿ ಸುಣ್ಣ ಹಾಕುವುದು ಪರಿಹಾರ. ಒಣ ಸೀಮೆಯ ಎರೆ ಮಣ್ಣು ಸಾಮಾನ್ಯವಾಗಿ ಕ್ಷಾರೀಯ. ನೀರಾವರಿ ಹೆಚ್ಚಾಗಿ ಬಸಿಗಾಲುವೆ ಇಲ್ಲದಲ್ಲಿ ಹೊಲ ಸವಳು-ಜವಳಾಗುತ್ತದೆ. ಸೋಡಿಯಂ ಅಂಟಿಕೊಂಡು ಪಿಎಚ್ 8.5 ದಾಟಿದ ಮಣ್ಣಿಗೆ ಜಿಪ್ಸಂ ಹಾಕುತ್ತಾರೆ. ಜಿಪ್ಸಂ ಆಮ್ಲವಲ್ಲ. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ನೀರಿನೊಡನೆ ಬಸಿದುಹೋಗುತ್ತದೆ. ಒಂದು ಮಣ್ಣಿಗೆ ಮದ್ದಾದುದು ಇನ್ನೊಂದಕ್ಕೆ ಕೇಡು. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣವನ್ನಾಗಲಿ ಜಿಪ್ಸಂ ಅನ್ನಾಗಲಿ ಹಾಕುವುದು ಸರಿಯಲ್ಲ.

ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ಸ್ವಚ್ಛ ಮಳೆನೀರೂ ತುಸು ಆಮ್ಲೀಯ. ಯುಗಯುಗಗಳಲ್ಲಿ ಸುಣ್ಣಕಲ್ಲನ್ನು ಕೊರೆದು ಗುಹೆ, ಕಂದರಗಳನ್ನು ಮಾಡಿದ್ದು ಈ ದುರ್ಬಲ ಆಮ್ಲವೇ. ಕಲ್ಲಿದ್ದಲು, ತೈಲ ಉರಿದು ಬರುವ ಗಂಧಕ ಮತ್ತು ಸಾರಜನಕದ ಆಕ್ಸೈಡ್‌ಗಳು ಸೇರಿದಾಗ ಅದು ಆಮ್ಲಮಳೆ. ಬ್ರಿಟನ್ನಿನ ರಾಬರ್ಟ್ ಆಂಗಸ್ ಸ್ಮಿತ್ 1872ರ ತನ್ನ ಪುಸ್ತಕದಲ್ಲಿ ಅದನ್ನು ವಿವರವಾಗಿ ಚರ್ಚಿಸಿದ್ದ.

ಗಾಳಿಯ ಇಂಗಾಲದ ಡೈಆಕ್ಸೈಡ್ ಸಮುದ್ರದಲ್ಲೂ ಕರಗುವುದರಿಂದ, ಕೈಗಾರಿಕಾ ಕ್ರಾಂತಿಯಿಂದೀಚೆಗೆ ಅದರ ಮೇಲ್ಪದರದ ಪಿಎಚ್ ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. 0.1 ಎಂಬುದು ಸಣ್ಣ ಅಂಕಿಯಂತೆ ಕಂಡರೂ ಹೈಡ್ರೋಜನ್ ಅಯಾನುಗಳು ಶೇ 26ರಷ್ಟು ಹೆಚ್ಚಿವೆ ಎಂದು ಅದರರ್ಥ. ಆ ಪ್ರೋಟಾನ್‌ಗಳು ಕಾರ್ಬನೇಟ್ ಅಯಾನನ್ನು ಬೈಕಾರ್ಬನೇಟ್ ಮಾಡುವುದರಿಂದ ಹವಳಕ್ಕೂ ಚಿಪ್ಪುಜೀವಿಗಳಿಗೂ ಚಿಪ್ಪು ಕಟ್ಟಲು ಬೇಕಾದ ಸಾಮಗ್ರಿ ಕಡಿಮೆಯಾಗುತ್ತಿದೆ.

ಕೈಗಾರಿಕೆಯಲ್ಲಿ

ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾಗುವ ರಾಸಾಯನಿಕಗಳಲ್ಲಿ ಸಲ್ಫ್ಯೂರಿಕ್ ಆಮ್ಲ ಮುಂಚೂಣಿಯಲ್ಲಿದೆ. ಅದರ ದೊಡ್ಡ ಪಾಲು ರಂಜಕದ ಗೊಬ್ಬರ ತಯಾರಿಗೆ ಹೋಗುತ್ತದೆ. ಉಪ್ಪುನೀರಿಗೆ ವಿದ್ಯುತ್ ಹರಿಸಿ ಪಡೆಯುವ ಕಾಸ್ಟಿಕ್ ಸೋಡಾ ಕಾಗದ, ಸೋಪು, ಅಲ್ಯೂಮಿನಿಯಂ ಉದ್ಯಮಗಳಿಗೆ ಬೇಕು. ಸೋಡಾ ಬೂದಿ ಗಾಜಿನ ಉದ್ಯಮಕ್ಕೆ ಆಧಾರ.

ಸುರಕ್ಷತೆ

ಸಾರೀಕೃತ ಆಮ್ಲವನ್ನು ತೆಳುಗೊಳಿಸುವಾಗ ಆಮ್ಲವನ್ನು ನೀರಿಗೆ ನಿಧಾನವಾಗಿ ಸುರಿಯಬೇಕು, ನೀರನ್ನು ಆಮ್ಲಕ್ಕೆ ಸುರಿಯಬಾರದು. ಸಲ್ಫ್ಯೂರಿಕ್ ಆಮ್ಲಕ್ಕೆ ನೀರು ಬಿದ್ದರೆ ಹುಟ್ಟುವ ಶಾಖಕ್ಕೆ ಮೇಲಿನ ನೀರು ಕ್ಷಣದಲ್ಲಿ ಕುದಿದು ಆಮ್ಲವನ್ನು ಮುಖಕ್ಕೆ ಎರಚುತ್ತದೆ. ಕಕ್ಕಸು ತೊಳೆಯುವ ಆಮ್ಲವನ್ನು ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರಾವಣದೊಡನೆ ಎಂದೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಕ್ಷಾರದ ಬಗ್ಗೆ ಜನರಲ್ಲಿ ಭಯ ಕಡಿಮೆ, ಅದು ತಪ್ಪು. ಆಮ್ಲ ಸುಟ್ಟ ಜಾಗದಲ್ಲಿ ಪ್ರೋಟೀನ್ ಹೆಪ್ಪುಗಟ್ಟಿ ತುಸು ತಡೆಯಾಗುತ್ತದೆ. ಕ್ಷಾರ ಅಂಗಾಂಶವನ್ನು ಕರಗಿಸುತ್ತ ಆಳಕ್ಕಿಳಿಯುತ್ತದೆ. ಎಲೆ-ಅಡಿಕೆಯ ಸುಣ್ಣದ ಪೊಟ್ಟಣವನ್ನು ಹಿಸುಕಿದಾಗ ಸುಣ್ಣ ಮಕ್ಕಳ ಕಣ್ಣಿಗೆ ಸಿಡಿದು ದೃಷ್ಟಿಯೇ ಹೋಗಬಹುದು. ಅದನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಆಮ್ಲವಾಗಲಿ ಕ್ಷಾರವಾಗಲಿ ಮೈಮೇಲೆ ಬಿದ್ದರೆ ಒಂದಕ್ಕೆ ಇನ್ನೊಂದನ್ನು ಹಚ್ಚಿ ತಟಸ್ಥಗೊಳಿಸಲು ಹೋಗಬಾರದು. ತಟಸ್ಥೀಕರಣದ ಶಾಖ ಗಾಯವನ್ನು ಹೆಚ್ಚಿಸುತ್ತದೆ. ಪುಡಿಯಾಗಿದ್ದರೆ ಮೊದಲು ಒಣಬಟ್ಟೆಯಿಂದ ಕೊಡವಿ, ತಾಗಿದ ಉಡುಪು ತೆಗೆದು, ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ತಕ್ಷಣವೇ ತೊಳೆಯಬೇಕು. ನುಂಗಿದ್ದರೆ ವಾಂತಿ ಮಾಡಿಸಬಾರದು, ಅನ್ನನಾಳ ಎರಡನೆಯ ಸಲ ಸುಡುತ್ತದೆ. ಆಮ್ಲದಾಳಿಗಳನ್ನು ತಡೆಯಲು ಸುಪ್ರೀಂ ಕೋರ್ಟ್ 2013ರಲ್ಲಿ ಆಸಿಡ್‌ನ ಚಿಲ್ಲರೆ ಮಾರಾಟಕ್ಕೆ ಕಟ್ಟುಪಾಡು ವಿಧಿಸಿತು: ಕೊಳ್ಳುವವರ ಗುರುತಿನ ಚೀಟಿ, ವಿಳಾಸ, ಉದ್ದೇಶಗಳನ್ನು ಅಂಗಡಿಯವರು ದಾಖಲಿಸಬೇಕು, 18 ವರ್ಷ ತುಂಬದವರಿಗೆ ಮಾರಬಾರದು. ಈ ನಿಯಮ ಪಾಲಿಸದ ಅಂಗಡಿ ಕಂಡರೆ ಪೊಲೀಸರಿಗೆ ತಿಳಿಸುವುದು ಪ್ರತಿಯೊಬ್ಬ ನಾಗರಿಕನ ಹೊಣೆ.